ಲಾಲಸಾಬನ ಮೊದಲ ಹಿಡಿ ಅರಳೆ

ನೆಲೋಗಿಯ ಲಾಲಸಾಬನಿಗೆ ಒಂದು ಚಟವಿದೆ. ಬೀಡಿಯದಲ್ಲ, ಎಲೆಯಡಿಕೆಯದೂ ಅಲ್ಲ. ಉಪಕಾರ ನೆನೆಯುವ ಚಟ. ಜೇವರ್ಗಿಯಿಂದ ಬಂದ ಬಸ್ಸಿಳಿದರೆ ಕಂಡಕ್ಟರನಿಗೊಂದು ಸಲಾಮು, ಡ್ರೈವರನಿಗೊಂದು ಸಲಾಮು. ಇಬ್ಬರೂ ಇವನ ಕಡೆ ನೋಡದಿದ್ದರೆ ಹೊರಟ ಬಸ್ಸಿನ ಬೆನ್ನಿಗಾದರೂ ಕೈ ಎತ್ತದೆ ಮನೆ ಕಡೆ ತಿರುಗುವವನಲ್ಲ. ಅವನ ಹೆಂಡತಿ ಗೌಸಿಯಾಬೇಗಂ ಮನೆಯೊಳಗೆ ದಖನಿ ಉರ್ದು ಮಾತಾಡುವವಳು. ಆದರೆ ಗಂಡನ ಮೇಲೆ ಸಿಟ್ಟು ಬಂತೆಂದರೆ ಓಣಿಗೆಲ್ಲ ತಿಳಿಯಲಿ ಎಂದು ಕನ್ನಡಕ್ಕೆ ಇಳಿಯುತ್ತಾಳೆ. ಒಂದು ದಿನ ಹಾಗೆಯೇ ಇಳಿದು, "ಎಲ್ಲಾರಿಗೂ ಸಲಾಮ ಆತು, ಇನ್ನ ನಮ್ಮ ಎಮ್ಮಿ ಒಂದು ಉಳದದ ನೋಡ್ರಿ. ದಿನಾ ಹಾಲು ಕೊಡತದ, ಪಾಪ, ಅದಕ್ಕೂ ಒಂದು ಹೊಡದು ಬರ್ರಿ" ಎಂದಳು. ಮರುದಿನ ಮುಂಜಾನೆ ಅವನು ಎಮ್ಮೆಯ ಮುಂದೆ ನಿಂತು ನಿಜಕ್ಕೂ ಕೈ ಎತ್ತಿದ್ದನ್ನು ಕಂಡವರಿದ್ದಾರೆ.

ಲಾಲಸಾಬ ಪಿಂಜಾರ. ಹತ್ತಿ ಹಿಂಜಿ ಗಾದಿ, ತಲೆದಿಂಬು, ರಜಾಯಿ ಹಾಕಿಕೊಡುವವನು. ಅವನ ತಂದೆ ಕರೀಮಸಾಬ ಹೆಗಲ ಮೇಲೆ ಹತ್ತಿ ಹಿಂಜುವ ಆಳುದ್ದದ ಬಿಲ್ಲು ಹೊತ್ತು ಊರೂರು ತಿರುಗಿದ ಮನುಷ್ಯ. ಮೀಸೆ ಬಂದ ಮೇಲೆ ಲಾಲಸಾಬನೂ ಅವನ ಹಿಂದೆ ಹೊರಟ. ಸುಗ್ಗಿ ಮುಗಿಯಿತೆಂದರೆ ಭೀಮಾ ನದಿ ದಾಟಿ ಅಫಜಲಪುರದ ಕಡೆ, ಅಲ್ಲಿಂದ ಆಳಂದದ ಕಡೆ, ಗಡಿಯ ಖಜೂರಿಯ ತನಕ ನಡಿಗೆ. ಮದುವೆ ಗೊತ್ತಾದ ಮನೆಯ ಅಂಗಳದಲ್ಲಿ ಬಿಲ್ಲು ತೂಗುಹಾಕಿ ನಾರಿ ಮಿಡಿದರೆ ಓಣಿಯ ಮಕ್ಕಳೆಲ್ಲ ಓಡಿ ಬರುತ್ತಿದ್ದರು, ಗಂಟೆಯೊಳಗೆ ಅವರ ತಲೆಗಳೆಲ್ಲ ಅಜ್ಜಂದಿರ ತಲೆಯಂತೆ ಬೆಳ್ಳಗಾಗುತ್ತಿದ್ದವು. ಲಾಲಸಾಬನಿಗೆ ಆ ಊರುಗಳು ಇವತ್ತಿಗೂ ನೆನಪಿರುವುದು ಊಟದಿಂದ. ಗೊಬ್ಬೂರವೆಂದರೆ ಒಬ್ಬ ಮುದುಕಿ ಬಿಸಿ ರೊಟ್ಟಿಯ ಮೇಲೆ ಹಾಕಿದ ಎಣ್ಣೆಗಾಯಿ. "ಇನ್ನೊಂದು ತಗೋ ಮಗಾ, ಹಿಂಜೂ ಕೈಗೆ ಕಸುವ ಬೇಕು" ಎಂದ ಅವಳ ಮಾತು. ಖಜೂರಿಯಲ್ಲಿ ಮಾತ್ರ ಊಟದ ಜೊತೆ ಇನ್ನೊಂದು ಕತೆಯಾಯಿತು. ಗಾದಿ ಹಾಕಲು ಹೋದವನು ಪಕ್ಕದ ಮನೆಯ ಗೌಸಿಯಾಬೇಗಂಳನ್ನು ಕಂಡು, ಒಂದು ದಿನದ ಕೆಲಸವನ್ನು ನಾಲ್ಕು ದಿನಕ್ಕೆ ಎಳೆದ. ಕೊನೆಗೆ ಕರೀಮಸಾಬನೇ ಬೇಸತ್ತು ಹೆಣ್ಣು ಕೇಳಿದ.

ಕರೀಮಸಾಬನ ಮನೆತನದಲ್ಲಿ ಒಂದು ಪದ್ಧತಿ. ಯಾರ ಮನೆಯ ಹತ್ತಿಯೇ ಇರಲಿ, ಹಿಂಜಿದ ಅರಳೆಯ ಮೊದಲ ಹಿಡಿ ಗಾದಿಗೆ ಹೋಗುವಂತಿಲ್ಲ. ಅದನ್ನು ತೊಳೆದ ಬಟ್ಟೆಯ ಮೇಲೆ ತೆಗೆದಿಟ್ಟು, ಮನೆಯೊಡತಿಯನ್ನು ಕರೆದು, ದೀಪದ ಬತ್ತಿಗೆಂದು ಎರಡೂ ಕೈಯಿಂದ ಕೊಡಬೇಕು. ಲಿಂಗಾಯತರ ಮನೆಯ ಜಗುಲಿಯ ದೀಪವಾದರೂ ಅಷ್ಟೇ, ದರ್ಗಾದ ದೀಪವಾದರೂ ಅಷ್ಟೇ. ಲಾಲಸಾಬ ಒಂದೇ ಊರಿನಲ್ಲಿ ನೆಲೆಯೂರಿ ಹಿಂಜುವ ಮಷೀನು ಹಾಕಿಕೊಂಡ ಮೇಲೂ ಅದನ್ನು ಬಿಡಲಿಲ್ಲ. ತನ್ನ ಖೋಲಿಯ ಬಾಗಿಲ ಪಕ್ಕ ಒಂದು ಬುಟ್ಟಿ ಇಟ್ಟ. ದಿನದ ಮೊದಲ ಹಿಡಿ ಅದರೊಳಗೆ. ಓಣಿಯ ಹೆಣ್ಣುಮಕ್ಕಳು ಬರುವಾಗ ಹೋಗುವಾಗ ಬೇಕಾದಷ್ಟು ತೆಗೆದುಕೊಂಡು ಹೋಗುತ್ತಿದ್ದರು. ಕೇಳಬೇಕೆನ್ನುವ ಮಾತೇ ಇರಲಿಲ್ಲ.

ಆ ಖೋಲಿಯೂ ಒಬ್ಬರ ಉಪಕಾರವೇ. ಮಷೀನು ತಂದ ವರ್ಷ ಅದನ್ನಿಡಲು ಜಾಗವಿಲ್ಲದೆ ಲಾಲಸಾಬ ಬೇವಿನ ಗಿಡದ ಕೆಳಗೆ ತಾಡಪತ್ರಿ ಹೊದಿಸಿ ಕುಳಿತಿದ್ದ. ಮೋಡವಾಗಿತ್ತು. ಅದೇ ದಾರಿಯಲ್ಲಿ ಹೊಲದಿಂದ ಬರುತ್ತಿದ್ದ ದೌಲತರಾಯರು ನಿಂತು ನೋಡಿ, "ಮಳಿ ಬಂದ್ರ ನಿನ್ನ ಬಾಳ್ವೆ ತೊಯ್ತದಲ್ಲೋ ಹುಚ್ಚಾ! ನಮ್ಮ ಖೋಲಿ ಖಾಲಿ ಬಿದ್ದದ, ಒಳಗ ಎಳಿ ಅದನ್ನ" ಎಂದರು. ಎಳೆಯಲು ತಾವೇ ಕೈ ಹಚ್ಚಿದರು ಕೂಡ. ದೌಲತರಾಯರು ತೀರಿಕೊಂಡು ಬಹಳ ವರ್ಷವಾಯಿತು. ಅವರ ಹೆಂಡತಿ ಕಸ್ತೂರಿಬಾಯಿ ಒಂದು ದಿನವೂ ಖೋಲಿಯ ಮಾತೆತ್ತಿದವಳಲ್ಲ. ಲಾಲಸಾಬನನ್ನು "ತಮ್ಮಾ" ಎನ್ನುತ್ತಾಳೆ, ಇವನು ಅವಳನ್ನು "ಅಕ್ಕಾ" ಎನ್ನುತ್ತಾನೆ, ಅವಳ ಮಗ ಶಾಂತಕುಮಾರ ಇವನನ್ನು "ಮಾಮಾ" ಎನ್ನುತ್ತಾನೆ. ದೀಪಾವಳಿ ಬಂತೆಂದರೆ ಇಡೀ ಓಣಿಯ ಬತ್ತಿ ಹೊಸೆಯುವವಳು ಕಸ್ತೂರಿಬಾಯಿ, ಅದಕ್ಕೆ ಅರಳೆ ಲಾಲಸಾಬನ ಬುಟ್ಟಿಯದು.

ಇನ್ನು ಕೆಟ್ಟ ಸುದ್ದಿ. ಮೊದಲು ಬಂದದ್ದು ಫೋಮಿನ ಗಾದಿ. ಅದು ಪೇಟೆಯವರ ಶೋಕಿ ಎಂದು ಲಾಲಸಾಬ ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ಬಂತು ನೋಡಿ ಫೈಬರು. ಪ್ಲಾಸ್ಟಿಕ್ ಕರಗಿಸಿ ಎಳೆ ತೆಗೆದ, ಹತ್ತಿಯ ವೇಷ ಹಾಕಿಕೊಂಡ ಬೆಳ್ಳನೆಯ ಮಾಲು. ಎಲ್ಲಿಯದೋ ದೇಶದ ಮಿಲ್ಲಿನಲ್ಲಿ ಹುಟ್ಟಿ, ಹಡಗು ಹತ್ತಿ ಮುಂಬೈಗಿಳಿದು, ಲಾರಿಯಲ್ಲಿ ಖಜೂರಿ ದಾಟಿ, ಆಳಂದ, ಅಫಜಲಪುರ, ಜೇವರ್ಗಿ ಎಂದು ಅಂಗಡಿ ಅಂಗಡಿ ಸೇರಿತು. ಅಷ್ಟು ದೂರದಿಂದ ಬಂದದ್ದು ಊರ ಹೊಲದಲ್ಲಿ ಬೆಳೆದ ಹತ್ತಿಗಿಂತ ಅಗ್ಗ! ಇದು ಯಾವ ಸೀಮೆಯ ನ್ಯಾಯವಪ್ಪಾ ಎಂದು ಯಾರನ್ನು ಕೇಳುವುದು? ಅಲ್ಲಿಯ ಸರಕಾರ ತನ್ನ ಮಿಲ್ಲಿನವರ ಬೆನ್ನಿಗೆ ನಿಂತು, ನಷ್ಟವಾದರೂ ಚಿಂತೆಯಿಲ್ಲ, ಮೊದಲು ಹೊರಗಿನವರ ಪೇಟೆ ಹಿಡಿಯಿರಿ ಅನ್ನುತ್ತದಂತೆ. ಪಿಂಜಾರನ ಬೆನ್ನಿಗೆ ನಿಲ್ಲುವುದು ಅವನ ಗೋಡೆ ಮಾತ್ರ. ಒಂದು ಮದುವೆಯ ಗಾದಿ ತಪ್ಪಿತು, ಇನ್ನೊಂದು ತಪ್ಪಿತು, ಆಮೇಲೆ ಮದುವೆಯ ಮನೆಯವರು ಲಾಲಸಾಬನ ಖೋಲಿಯ ಮುಂದೆಯೇ ಟೆಂಪೊದಲ್ಲಿ ಪ್ಲಾಸ್ಟಿಕ್ ಹೊದಿಸಿದ ಗಾದಿ ಹೇರಿಕೊಂಡು ಹೋಗತೊಡಗಿದರು. ಅವನನ್ನು ಕಂಡು ಕೆಲವರು ಮುಖ ತಿರುಗಿಸುತ್ತಿದ್ದರು. ಇವನೇ ಕೈ ಎತ್ತಿ ಸಲಾಮು ಹೊಡೆದು, "ಛೊಲೋ ಆಗಲಿ, ಹುಡುಗಿ ಸುಖವಾಗಿರಲಿ" ಎನ್ನುತ್ತಿದ್ದ.

ಲಾಲಸಾಬನ ಅಣ್ಣನ ಮಗ ಮಸೂದ ಜೇವರ್ಗಿಯಲ್ಲಿ ಗಾದಿಯ ಅಂಗಡಿ ಇಟ್ಟಿದ್ದಾನೆ. ಕೆಟ್ಟವನಲ್ಲ, ಚಿಕ್ಕಪ್ಪನೆಂದರೆ ಜೀವ. ಅವನೇ ಒಂದು ದಿನ ಫೈಬರಿನ ಚೀಲಗಳನ್ನು ತಂದು ಖೋಲಿಯಲ್ಲಿ ಇಳಿಸಿದ. "ಚಾಚಾ, ಜಮಾನಾ ಬದಲಾಗ್ಯದ. ಇದನ್ನ ಮಷೀನಿಗಿ ಹಾಕಿ ಬಿಡಿಸಿ, ದಿಂಬಿಗಿ ತುಂಬಿ ಕೊಡ್ರಿ. ಧೂಳಿಲ್ಲ, ಕೆಮ್ಮಿಲ್ಲ."

ಲಾಲಸಾಬ ಒಂದು ಎಳೆ ತೆಗೆದು ಬೆರಳಲ್ಲಿ ಉಜ್ಜಿದ. ಜಾರಿತು. "ಇದು ಎಲ್ಲೀದೋ?"

"ಹೊರದೇಶದ್ದು ಚಾಚಾ. ನಮ್ಮ ಹತ್ತಿ ತುಂಬಿದ್ರ ಗಿರಾಕಿ ಅಂಗಡಿ ಮೆಟ್ಟಿಲಾ ಹತ್ತಂಗಿಲ್ಲ. ನಾನೇನ ಮಾಡ್ಲಿ, ನೀವಾ ಹೇಳ್ರಿ."

ಲಾಲಸಾಬ ಒಂದು ಚೀಲವನ್ನು ಮಷೀನಿನ ಹತ್ತಿರ ಎಳೆದುಕೊಂಡ. ತುಂಬಿಕೊಟ್ಟ. ಮಸೂದನ ಅಂಗಡಿಗಷ್ಟೇ ಅಲ್ಲ, ಓಣಿಯವರು ಹಳೆಯ ದಿಂಬು ತಂದಾಗಲೂ ಹತ್ತಿ ಇಲ್ಲದೆ ಅದನ್ನೇ ತುಂಬಿಕೊಟ್ಟ. ಕೇಳಿದವರಿಗೆ ಫೈಬರು ಎಂದು ಹೇಳಿದ. ಕೇಳದವರಿಗೆ, ಕೇಳಲಿಲ್ಲವಲ್ಲ ಎಂದು ಸುಮ್ಮನಾದ. ಕಸ್ತೂರಿಬಾಯಿ ಕೇಳಿರಲಿಲ್ಲ. ಅವಳ ದಿಂಬಿಗೂ ಅದೇ ಹೋಯಿತು. ಬಾಗಿಲ ಪಕ್ಕದ ಬುಟ್ಟಿ ಮಾತ್ರ ಖಾಲಿ ಬಿತ್ತು, ಏಕೆಂದರೆ ಫೈಬರಿನ ಮೊದಲ ಹಿಡಿಯನ್ನು ಅದರಲ್ಲಿಡಲು ಅವನ ಕೈ ಏಳಲಿಲ್ಲ.

ಆ ವರ್ಷ, ಅಂದರೆ ಎರಡು ಸಾವಿರದ ಇಪ್ಪತ್ತೈದರಲ್ಲಿ, ಇನ್ನೊಂದು ಪೆಟ್ಟು ಬಿತ್ತು. ಅಮೆರಿಕದವರು ನಮ್ಮ ಬಟ್ಟೆಯ ಮೇಲೆ ಸುಂಕ ಏರಿಸಿದರು. ಬಟ್ಟೆ ಮಿಲ್ಲಿನವರು ಅತ್ತರು. ಅವರ ಕಣ್ಣೊರೆಸಲೆಂದು ದಿಲ್ಲಿಯವರು ಹೊರದೇಶದ ಹತ್ತಿಗಿದ್ದ ಆಮದು ಸುಂಕವನ್ನು ತೆಗೆದುಹಾಕಿದರು. ಒರೆಸಿದ್ದು ಯಾರ ಟವೆಲ್ಲಿನಿಂದ? ನೆಲೋಗಿಯ ಶಾಂತಕುಮಾರನ ಹೆಗಲ ಮೇಲಿನದರಿಂದ. ಅತಿಮಳೆಗೆ ಹಾಳಾಗದೆ ಉಳಿದದ್ದನ್ನು ಬಿಡಿಸಿ, ಮೊದಲ ಹತ್ತಿಯನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಜೇವರ್ಗಿಗೆ ಹೋದವನಿಗೆ ವ್ಯಾಪಾರಿ, "ಹೊರಗಿನ ಮಾಲು ಬರಾಕತ್ತದ ಗೌಡರ, ಈ ದರಕ್ಕ ಕೊಡೂದಿದ್ರ ಕೊಡ್ರಿ" ಎಂದ. ಶಾಂತಕುಮಾರ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟಿರುವವನು. ವ್ಯಾಪಾರಿಗೆ ಎರಡು ಮಾತು ಅಂದು, ಹೇರಿದ್ದನ್ನು ಹೇರಿದ ಹಾಗೆಯೇ ಮನೆಗೆ ತಂದು ಪಡಸಾಲೆಯಲ್ಲಿ ಸುರಿದ. ಮನೆಯವರು ಓಡಾಡಲು ಜಾಗವಿಲ್ಲದಂತಾಯಿತು.

ಹೀಗೆ ಒಂದೇ ಓಣಿಯಲ್ಲಿ ಒಬ್ಬನ ಮನೆ ತುಂಬ ಹತ್ತಿ ಬಿದ್ದಿತ್ತು, ಇನ್ನೊಬ್ಬನ ಮಷೀನಿಗೆ ಹತ್ತಿ ಇರಲಿಲ್ಲ. ಒಬ್ಬರದು ಒಬ್ಬರಿಗೆ ಹೊಳೆಯಲಿಲ್ಲ. ಎಲ್ಲರೂ ತಮ್ಮ ತಮ್ಮ ಚಿಂತೆಯಲ್ಲಿದ್ದರು.

ದೀಪಾವಳಿಗೆ ವಾರವಿರುವಾಗ ಮಸೂದ ಮತ್ತೆ ಬಂದ. "ಚಾಚಾ, ಹಿಂಗ ಎಷ್ಟು ದಿನಾ? ಮಷೀನಿಗಿ ಒಬ್ಬ ಗಿರಾಕಿ ಸಿಕ್ಕಾನ. ಹಬ್ಬ ಮುಗೀಲಿ, ಟೆಂಪೊ ತರ್ತೇನಿ. ನೀವು, ಚಾಚಿ ಇಬ್ಬರೂ ಜೇವರ್ಗಿಗಿ ಬರ್ರಿ. ಅಂಗಡ್ಯಾಗ ಫ್ಯಾನಿನ ಕೆಳಗ ಕೂಡ್ರಿ, ಬಂದವರಿಗಿ ಗಾದಿ ತೋರಿಸ್ರಿ, ಸಾಕು."

ಲಾಲಸಾಬ ಹೂಂ ಅಂದ. ಮಸೂದನ ಕೈ ಹಿಡಿದು, "ನೀ ಇದ್ದೀ ಅಂತ ನಮಗ ದಾರಿ ಅದ ಮಗಾ" ಎಂದೂ ಅಂದ. ಅದು ಸುಳ್ಳಲ್ಲ. ಆದರೆ ಅವತ್ತಿನಿಂದ ಅವನಿಗೆ ನಿದ್ದೆ ಹತ್ತಲಿಲ್ಲ. ಊಟಕ್ಕೇನೂ ಚಿಂತೆಯಿಲ್ಲ, ಕುರ್ಚಿಯಿದೆ, ಫ್ಯಾನಿದೆ. ಹೆದರಿಕೆ ಬೇರೆಯದು. ಈ ಊರಿನವರು ತನಗೆ ಕೊಟ್ಟದ್ದಕ್ಕೆಲ್ಲ ಬದಲಿಗೆ ಅವನ ಹತ್ತಿರ ಇದ್ದದ್ದು ಆ ಒಂದು ಹಿಡಿ ಅರಳೆ. ಮಷೀನು ಹೋದರೆ ಅದೂ ಹೋಯಿತು. ಕೊಡಲು ಏನೂ ಇಲ್ಲದವನ ಸಲಾಮಿಗೂ ಭಿಕ್ಷೆಯವನ ಸಲಾಮಿಗೂ ಏನು ಫರಕು? ಇದನ್ನು ಹೆಂಡತಿಗೆ ಹೇಳಿದರೆ, "ನಿಮಗ ಹುಚ್ಚ ಹಿಡದದ" ಎಂದಳು. ಹಾಗೆಂದು ಆ ಕಡೆ ತಿರುಗಿ ಕಣ್ಣೊರೆಸಿಕೊಂಡದ್ದು ಅವನಿಗೆ ಕಾಣಿಸಿತು.

ಹಬ್ಬದ ಹಿಂದಿನ ದಿನ ಲಾಲಸಾಬ ಮಸೂದನ ದಿಂಬುಗಳನ್ನು ಮುಟ್ಟಿಸಲು ಜೇವರ್ಗಿಗೆ ಹೋಗಿದ್ದ. ಗೌಸಿಯಾಬೇಗಂ ಖೋಲಿ ಗುಡಿಸುತ್ತಿದ್ದಳು. ಖಾಲಿ ಬುಟ್ಟಿ ಕಂಡಿತು. ಅಯ್ಯೋ, ನಾಳೆ ಓಣಿಯವರ ಹಬ್ಬ, ಹೆಣ್ಣುಮಕ್ಕಳು ಬಂದು ಬರಿಗೈಲಿ ಹೋಗುವುದೇ, ಅದೂ ನಾವು ಊರು ಬಿಡುವ ವರ್ಷ ಎಂದು ಅವಳ ಜೀವ ಚುರಕ್ ಎಂದಿತು. ಮೂಲೆಯಲ್ಲಿ ಬೆಳ್ಳನೆಯ ರಾಶಿ ಬಿದ್ದಿತ್ತು. ಗಂಡನ ಹಾಗೆ ಎಳೆ ಉಜ್ಜಿ ನೋಡುವವಳಲ್ಲ ಅವಳು; ಬೆಳ್ಳಗಿದ್ದದ್ದೆಲ್ಲ ಅವಳಿಗೆ ಅರಳೆಯೇ. ಬಾಚಿ ಬುಟ್ಟಿ ತುಂಬಿದಳು, ಮೇಲೊಂದು ಹಿಡಿ ಹೆಚ್ಚಿಗೇ ಒತ್ತಿದಳು. ಸಂಜೆಯೊಳಗೆ ಬುಟ್ಟಿ ಖಾಲಿಯಾಗಿತ್ತು. ಶಾಂತಕುಮಾರನ ಹೆಂಡತಿ ಬಸವೇಶ್ವರಿ ಒಂದು ಉಡಿ ತುಂಬ ಒಯ್ದು ಅತ್ತೆಯ ಮುಂದಿಟ್ಟಳು.

ಕಸ್ತೂರಿಬಾಯಿ ಬತ್ತಿ ಹೊಸೆಯಲು ಕುಳಿತಳು. "ಈ ಸಲದ ಅರಳಿ ಏನ ಬೆಳ್ಳಗದ ಬೇ! ಖರೇ, ಕೈಯಾಗ ನಿಲ್ಲವಲ್ದು ನೋಡು, ಮೀನ ಜಾರಿದಂಗ ಜಾರತದ." ಬೆರಳಿಗೆ ವಿಭೂತಿ ಹಚ್ಚಿಕೊಂಡು ಹೊಸೆದಳು. ವಿಭೂತಿ ಬಿದ್ದ ಮೇಲೆ ಬತ್ತಿಗಳು ಹೇಗೋ ನಿಂತವು. ವಾಡಿಕೆಯಂತೆ ಓಣಿಯ ಎಲ್ಲ ಮನೆಗೂ ಹಂಚಿದಳು.

ಅಮಾವಾಸ್ಯೆಯ ಸಂಜೆ. ಊರಿನ ಉಳಿದ ಓಣಿಗಳಲ್ಲಿ ಕಟ್ಟೆಕಟ್ಟೆಗೆ ಪಣತಿ ಮಿನುಗುತ್ತಿದ್ದವು. ಈ ಒಂದು ಓಣಿಯ ಪಾಡು ಕೇಳಬೇಡಿ. ಕಡ್ಡಿ ಗೀರಿ ಹಚ್ಚಿದರೆ ಬತ್ತಿ ಭಗ್ಗನೆ ಹೊತ್ತಿ, ಮುದುಡಿ, ಕರಗಿ, ಕರಿ ಮಣಿಯಾಗಿ ಎಣ್ಣೆಯಲ್ಲಿ ಮುಳುಗುವುದು. ಹೊಗೆ, ಹೊಗೆಯ ಜೊತೆ ಸುಟ್ಟ ಚಪ್ಪಲಿಯ ವಾಸನೆ! ಎಣ್ಣೆ ಬದಲಿಸಿದರು, ಪಣತಿ ಬದಲಿಸಿದರು, ಕಡ್ಡಿಪೆಟ್ಟಿಗೆ ಬದಲಿಸಿದರು. ಯಾವ ಮನೆಯ ಜಗುಲಿಯಲ್ಲೂ ದೀಪ ನಿಲ್ಲಲಿಲ್ಲ. ಹಬ್ಬದ ದಿನ ಹೀಗಾಯಿತಲ್ಲ ಎಂದು ಕೆಲವು ಹೆಂಗಸರಿಗೆ ಅಳುವೇ ಬಂತು. ಯಾರೋ "ಅರಳಿ ಎಲ್ಲೀದು?" ಎಂದರು. ಎಲ್ಲರ ಕಣ್ಣೂ ಲಾಲಸಾಬನ ಖೋಲಿಯ ಕಡೆ ತಿರುಗಿದವು.

ಲಾಲಸಾಬ ಸಂಜೆಯ ಮಗ್ರಿಬ್ ನಮಾಜು ಮುಗಿಸಿ ಬಂದು ಹೊಸ್ತಿಲಲ್ಲಿ ಕುಳಿತಿದ್ದ. ಶಾಂತಕುಮಾರ ಹೊಗೆಯಾಡುವ ಪಣತಿಯನ್ನು ತಂದು ಅವನ ಮುಂದೆ ಕುಕ್ಕಿದ. ಹಿಂದೆ ಓಣಿಯೇ ಬಂದಿತ್ತು.

"ಏನಿದು ಮಾಮಾ? ಪ್ಲಾಸ್ಟಿಕ್ಕಿನ ದೀಪ ಹಚ್ಚಬೇಕೇನ ನಾವು ಬಸವಣ್ಣಗ? ಹತ್ತಿ ಬೆಳದು ನಾವು ಸಾಯಾಕತ್ತೇವಿ, ನೀ ಹೊರದೇಶದ ಕಸಾ ತಂದು ನಮ್ಮ ಜಗಲಿ ಮ್ಯಾಲ ಇಟ್ಟಿ!"

ಲಾಲಸಾಬ ಪಣತಿ ನೋಡಿದ, ಬಾಗಿಲ ಪಕ್ಕದ ಬುಟ್ಟಿ ನೋಡಿದ, ಬುಟ್ಟಿಯ ಅಂಚಿಗೆ ಅಂಟಿಕೊಂಡಿದ್ದ ಎಳೆ ನೋಡಿದ. ಎಲ್ಲ ತಿಳಿಯಿತು. ಒಳಗಿದ್ದ ಹೆಂಡತಿಯ ಕಡೆ ಮಾತ್ರ ನೋಡಲಿಲ್ಲ. ಎದ್ದು ಕೈ ಜೋಡಿಸಿದ. "ನನ್ನ ಕೈ ತಪ್ಪದ ಶಾಂತೂ. ನಾನಾ ತುಂಬೀನಿ."

"ಅವರಲ್ಲ!" ಗೌಸಿಯಾಬೇಗಂ ಹೊರಗೆ ಬಂದಳು. "ನಾ ತುಂಬೀನಿ. ನನಗ ಗೊತ್ತಾಗಲಿಲ್ಲ. ನಿಮ್ಮ ಹಬ್ಬ, ಬುಟ್ಟಿ ಖಾಲಿ ಇರಬಾರದಂತ... ಅವರಿಗಿ ಏನೂ ಅನಬ್ಯಾಡ್ರಿ."

ಶಾಂತಕುಮಾರ ಹೆಗಲ ಟವೆಲ್ಲು ತಿರುವುತ್ತ ನಿಂತ. ಲಾಲಸಾಬ ಮಾತ್ರ, ಒಮ್ಮೆ ಬಾಯಿ ಬಿಟ್ಟ ಮೇಲೆ ಪೂರ್ತಿ ಹೇಳಿಯೇ ಬಿಡೋಣವೆಂದು, ಓಣಿಯವರ ದಿಂಬುಗಳಲ್ಲಿರುವುದೂ ಅದೇ ಮಾಲು ಎಂದ. ಹಬ್ಬ ಮುಗಿದ ಮೇಲೆ ಮಷೀನು ಹೋಗುತ್ತದೆ, ತಾವಿಬ್ಬರೂ ಜೇವರ್ಗಿಗೆ ಹೋಗುತ್ತೇವೆ ಎಂದ. "ಇಷ್ಟು ವರ್ಷ ಸಾಕಿದ್ರಿ. ಹೋಗೂ ಹೊತ್ತಿನ್ಯಾಗ ನಿಮ್ಮ ದೀಪ ಆರಿಸಿ ಹೊಂಟೀನಿ" ಎಂದು ಹೊಗೆಯಾಡುವ ಪಣತಿಯನ್ನು ಎತ್ತಿ ಪಕ್ಕಕ್ಕಿಟ್ಟ.

ಗುಂಪಿನ ಹಿಂದಿನಿಂದ ಕಸ್ತೂರಿಬಾಯಿ ಕೋಲೂರಿಕೊಂಡು ಮುಂದೆ ಬಂದಳು. ಲಾಲಸಾಬ ತಲೆ ತಗ್ಗಿಸಿದ. ಓಣಿಯವರು ಬೈಗುಳಕ್ಕೆ ಕಾದರು.

"ಅದಕ್ಕಾ ಅನ್ನು ಮತ್ತ!" ಎಂದಳು ಮುದುಕಿ. "ಎರಡು ತಿಂಗಳಾತು, ನನ್ನ ತಲಿ ಬೆವರತಿತ್ತು. ಬಿ.ಪಿ. ಆಗ್ಯದಂತ ಈ ಶಾಂತ್ಯಾ ನನ್ನ ದವಾಖಾನಿಗಿ ಒಯ್ದು ಕೈಗಿ ಪಟ್ಟಿ ಸುತ್ತಿಸಿಕೊಂಡು ಬಂದ. ದಿಂಬ ಕಾರಣ ಅಂತ ಯಾರಿಗಿ ಗೊತ್ತು?"

ಯಾರೋ ಕಿಸಕ್ಕೆಂದರು. ನಗು ಒಬ್ಬರಿಂದ ಒಬ್ಬರಿಗೆ ಹತ್ತಿತು. ಕಸ್ತೂರಿಬಾಯಿ ನಗಲಿಲ್ಲ. ಮಗನ ಕಡೆ ತಿರುಗಿ, "ಪಡಸಾಲ್ಯಾಗ ಬೆಟ್ಟದಷ್ಟು ಹತ್ತಿ ಸುರುವಿ ಅದರ ಮ್ಯಾಲ ಕುಂತು ಸರಕಾರಕ್ಕ ಬೈಯಾಕತ್ತೀದಿ. ಇಂವಗ ಹಿಂಜಾಕ ಹತ್ತಿಲ್ಲ. ಒಂದು ಬುಟ್ಟಿ ಹತ್ತಿ ತಂದು ಈ ಖೋಲ್ಯಾಗ ಹಾಕಬೇಕಂತ ನಿನಗೂ ಹೊಳೀಲಿಲ್ಲ, ನನಗೂ ಹೊಳೀಲಿಲ್ಲ. ಈಗ ಬಂದು ಇಂವನ ಮುಂದ ಪಣತಿ ಕುಕ್ಕತೀ? ಹೋಗು, ತಗೊಂಡು ಬಾ" ಎಂದಳು.

ಶಾಂತಕುಮಾರ ಹೋದ. ಬಸವೇಶ್ವರಿಯೂ ಹೋದಳು. ಹತ್ತಿ ಬಂತು. ಹೆಂಗಸರು ಖೋಲಿಯ ಕಟ್ಟೆಯ ಮೇಲೆ ಸಾಲಾಗಿ ಕುಳಿತು ಕಾಳು ಬಿಡಿಸತೊಡಗಿದರು. ಅಲ್ಲಿಯೇ ಕೈಯಲ್ಲಿ ಹೊಸೆದು ಬತ್ತಿ ಮಾಡಿಕೊಂಡು ಹೋಗಬಹುದಿತ್ತು, ಮಷೀನಿನ ಗರಜೇ ಇರಲಿಲ್ಲ. ಒಬ್ಬಿಬ್ಬರು ಹಾಗೆ ಅಂದರು ಕೂಡ. ಕಸ್ತೂರಿಬಾಯಿ ಕೇಳಲಿಲ್ಲ. "ಇಂವನ ಕೈಲೆ ಹಿಂಜಿ ಬರಬೇಕು. ಅಲ್ಲಿ ಮಟ ನಾ ದೀಪಾ ಹಚ್ಚಂಗಿಲ್ಲ" ಎಂದು ಕಂಬಕ್ಕೆ ಒರಗಿ ಕುಳಿತಳು.

ಮಷೀನಿನ ಹಲ್ಲುಗಳ ತುಂಬ ಫೈಬರು ಸಿಕ್ಕಿಕೊಂಡಿತ್ತು. ಲಾಲಸಾಬ ಟಾರ್ಚು ಹಿಡಿಸಿಕೊಂಡು ಒಂದೊಂದೇ ಎಳೆಯನ್ನು ಉಗುರಿನಿಂದ ಕಿತ್ತು ತೆಗೆದ. ಅವಸರ ಮಾಡಲಿಲ್ಲ. ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಬಿಸ್ಮಿಲ್ಲಾ ಎಂದು ಸ್ವಿಚ್ಚು ಒತ್ತಿದ. ಇನ್ನೊಂದು ಬದಿಯಿಂದ ಅರಳೆ ಉದುರಿತು. ಅದು ಫೈಬರಿನಷ್ಟು ಬೆಳ್ಳಗಿರಲಿಲ್ಲ, ಮಳೆ ಕುಡಿದ ಹತ್ತಿಗೆ ಸ್ವಲ್ಪ ಕಂದು ಇದ್ದೇ ಇತ್ತು. ತೊಳೆದ ಬಟ್ಟೆಯ ಮೇಲೆ ಮೊದಲ ಹಿಡಿಯನ್ನಿಟ್ಟು ಎರಡೂ ಕೈಯಿಂದ ಕಸ್ತೂರಿಬಾಯಿಗೆ ಕೊಟ್ಟ. "ಅಕ್ಕಾ, ನಿಮ್ಮ ಉಪಕಾರ..." ಎಂದು ಶುರು ಮಾಡಿದ.

"ಸಾಕು ಸುಮ್ಕಿರು. ನಿನ್ನ ಉಪಕಾರದ ಪುರಾಣ ಹಚ್ಚಿದ್ರ ಬೆಳಗಾಗತದ, ಜಗಲಿ ಕತ್ತಲದ" ಎಂದಳು ಅವಳು. ಊರಿಗೆಲ್ಲ ತಡವಾಗಿ ಆ ಓಣಿಯಲ್ಲಿ ದೀಪ ಹತ್ತಿದವು. ಗೌಸಿಯಾಬೇಗಂ ಮನೆಮನೆಗೆ ಹೋಗಿ ಜಗುಲಿಯ ಹೊರಗಿನಿಂದಲೇ ಇಣುಕಿ, ಹತ್ತಿದೆಯೋ ಇಲ್ಲವೋ ಎಂದು ಕಣ್ಣಾರೆ ನೋಡಿ ಬಂದಳು. ಪ್ರತಿ ಮನೆಯಲ್ಲೂ ಅವಳ ಕೈಗೆ ಹೋಳಿಗೆ ಇಟ್ಟರು.

ಮರುದಿನದಿಂದ ಶಾಂತಕುಮಾರನ ತಲೆಯಲ್ಲಿ ಏನೋ ಓಡತೊಡಗಿತು. ಸಿಟ್ಟಿನವನಾದರೂ ಹಿಡಿದ ಕೆಲಸ ಬಿಡುವವನಲ್ಲ. ಬಿದ್ದ ದರಕ್ಕೆ ಎಲ್ಲ ಹತ್ತಿಯನ್ನೂ ಯಾಕೆ ಕೊಡಬೇಕು, ಮನೆಗೆ ಬೇಕಾದ ಗಾದಿ, ದಿಂಬಿನಷ್ಟನ್ನಾದರೂ ಹಿಡಿದಿಡೋಣ ಎಂದು ಓಣಿಯಲ್ಲಿ ಮಾತು ತೆಗೆದ. ತಲೆ ಬೆವರುವ ದಿಂಬು ಎಲ್ಲರ ಮನೆಯಲ್ಲೂ ಇತ್ತಾದ್ದರಿಂದ ಒಪ್ಪಿಸಲು ಕಷ್ಟವಾಗಲಿಲ್ಲ. ಎಲ್ಲರದನ್ನೂ ಕೂಡಿಸಿ ಟ್ರ್ಯಾಕ್ಟರಿನಲ್ಲಿ ಕಾಳು ಬಿಡಿಸುವ ಜೇವರ್ಗಿಯ ಜಿನ್ನಿಂಗ್ ಮಿಲ್ಲಿಗೆ ಒಯ್ದ. ಕೂಲಿಗೆ ಬದಲು ಕಾಳು ಮಿಲ್ಲಿನವನಿಗೆ, ಅರಳೆ ನಮಗೆ ಎಂದು ಮಾತಾಯಿತು. ಅರಳೆಯ ಮೂಟೆಗಳು ಬಂದು ಲಾಲಸಾಬನ ಖೋಲಿ ತುಂಬಿ, ಕಟ್ಟೆ ತುಂಬಿ, ಬೇವಿನ ಗಿಡದ ಕೆಳಗೂ ನಿಂತವು. ಸುದ್ದಿ ಕೇಳಿ ಪಕ್ಕದ ಓಣಿಯವರೂ ಬಂದು ನಮ್ಮದೂ ಇಷ್ಟು ಇರಲಿ ಎಂದರು. ಇದರಿಂದ ಹಡಗು ನಿಂತವೇ? ಇಲ್ಲ. ತೆಗೆದ ಸುಂಕ ಮರಳಿ ಬಂತೇ? ಅದೂ ಇಲ್ಲ. ಖಜೂರಿಯ ದಾರಿಯಲ್ಲಿ ಲಾರಿಗಳು ಬರುವುದು ಬರುತ್ತಲೇ ಇದ್ದವು. ಆದರೆ ಲಾಲಸಾಬನಿಗೆ ಬೇಸಿಗೆಯ ತನಕ ತಲೆಯೆತ್ತದಷ್ಟು ಕೆಲಸವಾಯಿತು, ಅವನಿಗೆ ಅಷ್ಟೇ ಬೇಕಾಗಿತ್ತು.

ಮೊದಲ ಗಾದಿ ಕಸ್ತೂರಿಬಾಯಿಯ ಮೊಮ್ಮಗಳು ಸೃಷ್ಟಿಯದು. ಕಲಬುರಗಿಯ ಹಾಸ್ಟೆಲಿಗೆ ಒಯ್ಯಲು. ಬೇವಿನ ನೆರಳಲ್ಲಿ ಚಾಪೆ ಹಾಸಿ ಲಾಲಸಾಬ ಹೊಲಿದ. ಕೋಲಿನಿಂದ ಬಡಿದು ಅರಳೆ ಸಮ ಮಾಡಿದ, ಮೂಲೆ ಎಳೆದು ನೋಡಿದ, ಕೊನೆಯ ಟಾಕಾ ಹಾಕಿ ದಾರವನ್ನು ಹಲ್ಲಿನಿಂದ ಕಡಿದ. ಮಧ್ಯಾಹ್ನದ ಊಟದ ಹೊತ್ತು. ಓಣಿಯ ಹೆಂಗಸರೆಲ್ಲ ಸುತ್ತ ನೆರೆದಿದ್ದರು. ಅವನು ಧೂಳು ಕೊಡವಿಕೊಂಡು ಏಳುವಷ್ಟರಲ್ಲಿ ಕಸ್ತೂರಿಬಾಯಿ, "ಜರಾ ಮಲಗಿ ನೋಡು ತಮ್ಮಾ, ಹೆಂಗಾಗ್ಯದ" ಎಂದಳು.

"ನಾನೇನ್ರಿ ಅಕ್ಕಾ! ಹುಡುಗೀದು ಗಾದಿ. ನಾ ಹಾಕಿದ ಗಾದಿ ಮ್ಯಾಲ ನಾ ಎಂದೂ ಕುಂತವ ಅಲ್ಲ."

"ಮೂರು ತಾಲೂಕಿನ ಮಂದೀನ ಮಲಗಿಸೀದಿ, ನೀ ಒಂದು ಸಲ ಮಲಗಿದ್ರ ಏನ ಸವೀತದ? ಮಲಗ್ಲೇ ಅಂದ್ರ ಮಲಗ್ಬೇಕು."

ಸೃಷ್ಟಿ ಅವನ ಕೈ ಹಿಡಿದು ಎಳೆದಳು. ಲಾಲಸಾಬ ನಾಚಿಕೊಂಡು, ಕಾಲಿನ ಧೂಳು ಎರಡು ಸಲ ಒರೆಸಿಕೊಂಡು, ಗಾದಿಯ ಅಂಚಿನಲ್ಲಿ ಮೈ ಚಾಚಿದ. ಎಲ್ಲರೂ ನಕ್ಕರು, ಅವನೂ ನಕ್ಕ. ಮೇಲೆ ಬೇವಿನ ಎಲೆ ಆಡುತ್ತಿತ್ತು. ಅಲ್ಲಾ, ಎಷ್ಟು ಮೆತ್ತಗಿದೆಯಲ್ಲ ಎಂದುಕೊಂಡ. ಗೊಬ್ಬೂರದ ಮುದುಕಿ, ದೌಲತರಾಯರು, ತಂದೆ, ಮಸೂದ, ಯಾರ್ಯಾರಿಗೆ ಸಲಾಮು ಹೇಳಬೇಕು ಎಂದು ಒಬ್ಬೊಬ್ಬರನ್ನೇ ನೆನೆಯತೊಡಗಿದ. ಅರ್ಧಕ್ಕೆ ಬರುವಷ್ಟರಲ್ಲಿ ಕಣ್ಣು ಮುಚ್ಚಿತು. ಎಷ್ಟೋ ದಿನದ ನಿದ್ದೆ ಒಮ್ಮೆಲೇ ಬಂದು ಅವನನ್ನು ಹಿಡಿಯಿತು. ಬಾಯಿ ತೆರೆದು ಗೊರಕೆ ಹೊಡೆಯತೊಡಗಿದ. ಹೆಂಗಸರ ನಗು ನಿಂತಿತು. ಯಾರೂ ಹೇಳದೆಯೇ ಎಲ್ಲರೂ ದನಿ ಇಳಿಸಿದರು. ತಮ್ಮ ಮನೆಯೊಳಗಿದ್ದ ಬಸವೇಶ್ವರಿಯೂ ರೊಟ್ಟಿ ಬಡಿಯುವುದನ್ನು ಅಷ್ಟಕ್ಕೇ ನಿಲ್ಲಿಸಿದಳು.

ಅದೇ ಹೊತ್ತಿಗೆ ಮಸೂದನ ಟೆಂಪೊ ಬಂತು. ಮಷೀನಿನ ಗಿರಾಕಿಯೇ ಅದನ್ನು ಓಡಿಸುತ್ತಿದ್ದ. "ಚಾಚಾ! ಓ ಚಾಚಾ!" ಎಂದು ಕೂಗುತ್ತ ಮಸೂದ ಕೆಳಗಿಳಿದ.

ಇಡೀ ಓಣಿ ಒಟ್ಟಿಗೆ "ಶ್!" ಎಂದಿತು.

ಗೌಸಿಯಾಬೇಗಂ ತುಟಿಯ ಮೇಲೆ ಬೆರಳಿಟ್ಟುಕೊಂಡು ಅವರ ಹತ್ತಿರ ಬಂದಳು. ಮಸೂದ ಗಿಡದ ಕೆಳಗೆ ನೋಡಿದ. ಮೂಟೆಗಳು, ಮೂಟೆಗಳ ನಡುವೆ ಗಾದಿ, ಗಾದಿಯ ಮೇಲೆ ಚಾಚಾ.

"ಎಬ್ಬಸ್ರಿ ಅವರನ್ನ, ನನಗ ಟೈಮಿಲ್ಲ" ಎಂದ ಗಿರಾಕಿ.

"ಮಷೀನ್ ಕೊಡಂಗಿಲ್ಲ" ಎಂದಳು ಗೌಸಿಯಾಬೇಗಂ. ಹುಟ್ಟಿದಾಗಿನಿಂದ ಅವಳು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದು ಅದೇ ಮೊದಲಿರಬೇಕು. "ತಪ್ಪ ತಿಳ್ಕೋಬ್ಯಾಡ್ರಿ. ಜರಾ ಮೆಲ್ಲಕ ಮಾತಾಡ್ರಿ. ಹಬ್ಬದ ಮುಂಚಿಂದ ಕಣ್ಣ ಮುಚ್ಚಿಲ್ಲ ಅವರು."

ಗಿರಾಕಿ ಗೊಣಗುತ್ತ ಟೆಂಪೊ ಹತ್ತಿ ಚಾವಿ ತಿರುಗಿಸಲು ಹೋದ. ಮಸೂದ ಓಡಿ ಹೋಗಿ ಅವನ ಕೈ ಹಿಡಿದ. ಶಾಂತಕುಮಾರ ಟವೆಲ್ಲನ್ನು ತಲೆಗೆ ಸುತ್ತಿಕೊಂಡು ಹಿಂದಿನಿಂದ ಕೈ ಹಚ್ಚಿದ, ಮಸೂದ ಅವನ ಪಕ್ಕ ನಿಂತ. ಎಂಜಿನ್ ಚಾಲೂ ಮಾಡದೆ ಆ ಖಾಲಿ ಟೆಂಪೊವನ್ನು ಬಸ್ ನಿಲ್ಲುವ ದೊಡ್ಡ ರಸ್ತೆಯ ತನಕ ತಳ್ಳಿಕೊಂಡು ಹೋದರು.